ತುಳಸಾಬಾಯಿಯ ಕಂಪ್ಯೂಟರಿನಲ್ಲಿ ಕುಂಬಾರ ಹುಳ

ನಮ್ಮ ಸವಣೂರಿನ ಬೇಸಿಗೆಯ ಧೂಳಿನ ಬಗ್ಗೆ ನಾನು ಏನು ಹೇಳಿದರೂ ಜನ ನಂಬುವುದಿಲ್ಲ. ಯಲವಿಗಿ ಸ್ಟೇಶನ್ನಿನಲ್ಲಿ ನಾನು ಬುಕಿಂಗ್ ಕ್ಲಾರ್ಕ್ ಆಗಿದ್ದಾಗ, ಒಂದು ಗೂಡ್ಸ್ ಗಾಡಿಯ ಡಬ್ಬಿಗೆ ಮೆತ್ತಿದ್ದ ಧೂಳಿನಲ್ಲಿ ಬೆರಳಿನಿಂದ ‘ಬರುವಾಗ ಬದನೆಕಾಯಿ ತಾ’ ಎಂದು ಬರೆದಿದ್ದೆ. ನನ್ನ ಹೆಂಡತಿ ಭಾಗೀರಥಿ ಆಗ ಹರಿಹರದ ತವರುಮನೆಯಲ್ಲಿದ್ದಳು. ಗಾಡಿ ಹರಿಹರ ಮುಟ್ಟಿತು, ಆಕೆ ಓದಿದಳು, ಮರುದಿನ ಬದನೆಕಾಯಿ ಬಂತು. ಸುಳ್ಳು ಅನ್ನುವವರು ಆ ಬದನೆಕಾಯಿ ತಿಂದವರನ್ನು ಕೇಳಬಹುದು. ತಿಂದವನು ನಾನೇ.

ಆದರೆ ಈಗ ಹೇಳುತ್ತಿರುವುದು ಅಂಥದ್ದಲ್ಲ. ಇದು ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಸೊಸೆ ತುಳಸಾಬಾಯಿಯ ಮಾತು.

ತುಳಸಾ ಹಿರೇಕೆರೂರಿನವಳು, ಬಿ.ಎಸ್ಸಿ. ಮಾಡಿದವಳು. ನಮ್ಮ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಶ್ರೀಪಾದನ ಹೆಂಡತಿ. ಶಕುನ ಗಿಕುನ ಅಂದರೆ ಅವಳಿಗೆ ನಗು. ಬೆಕ್ಕು ಅಡ್ಡ ಹೋದರೆ “ಪಾಪ, ಅದಕ್ಕೂ ಏನರೆ ಕೆಲಸ ಇರ್ತದ” ಅನ್ನುತ್ತಿದ್ದಳು. ಒಮ್ಮೆ ಅತ್ತೆ ಗೋಪಿಕಾಬಾಯಿಯ ಹೆಗಲ ಮೇಲೆ ಹಲ್ಲಿ ಬಿತ್ತು. ಅವರು ಸ್ನಾನ ಮಾಡಿ ಪಂಚಾಂಗ ತೆಗೆದು ಫಲ ನೋಡುತ್ತ ಕೂತಿದ್ದಾಗ, ಇವಳು ಅಡಿಗೆಮನೆಯಿಂದಲೇ “ಅತ್ಯಾ, ಹಲ್ಲಿಗೆ ಏನು ಫಲ ಬರದಾರ ನೋಡ್ರಿ” ಎಂದು ಕೇಳಿದ್ದಳು.

ಅಂಥವಳ ಪಾಲಿಗೆ ಬಂದ ಕೆಲಸ ನೋಡಿ: ಜಾತಕ ಮಾಡುವುದು! ಅವಳ ಮಾವ ದೊಡ್ಡ ಜ್ಯೋತಿಷಿ. ಅವರು ತೀರಿಹೋದ ಮೇಲೂ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನ ಜನ ಕುಂಡಲಿ ಹಿಡಿದುಕೊಂಡು ಬರುವುದು ನಿಲ್ಲಲಿಲ್ಲ. ಹುಬ್ಬಳ್ಳಿಯಲ್ಲಿದ್ದ ತುಳಸಾನ ಅಣ್ಣ ತನ್ನ ಆಫೀಸಿನವರು ತೆಗೆದುಹಾಕಿದ ಒಂದು ಹಳೆಯ ಕಂಪ್ಯೂಟರನ್ನು ಟೆಂಪೋದಲ್ಲಿ ಹಾಕಿ ಕಳಿಸಿದ. ಅದು ಎಂಬತ್ತೇಳನೆಯ ಇಸವಿ. ಊರೆಲ್ಲ ನೋಡಲು ಬಂತು. ಕೆಳಗೊಂದು ತಗಡಿನ ಪೆಟ್ಟಿಗೆ, ಅದರ ತಲೆಯ ಮೇಲೆ ಟೀವಿಯಂಥ ಪರದೆ. ತುಳಸಾ ಅದರಲ್ಲಿ ಫ್ಲಾಪಿ ಹಾಕಿ ಟಕಟಕ ಒತ್ತಿದರೆ ಜಾತಕ ತಯಾರು. “ನೀವು ನಂಬ್ತೀರಿ ಅಂತ ಮಾಡ್ಕೊಡ್ತೇನ್ರಿ. ಗಣಿತ ಮಾತ್ರ ತಪ್ಪಿರೂದಿಲ್ಲ” ಎಂದು ಬಂದವರಿಗೆ ಮುಖದ ಮೇಲೇ ಹೇಳುತ್ತಿದ್ದಳು.

ಮರುವರ್ಷದ ವೈಶಾಖದಲ್ಲಿ ತುಳಸಾ ಬಸುರಿಯಾಗಿದ್ದಳು. ಇದು ನಮಗೆಲ್ಲ ಆಮೇಲೆ ತಿಳಿದದ್ದು. ಕಥೆ ಹೇಳುವವನ ಅನುಕೂಲಕ್ಕೆ ಈಗಲೇ ಹೇಳಿಬಿಡುತ್ತೇನೆ. ಅದು ಮೂರನೆಯ ಸಲ. ಮೊದಲನೆಯ ಸಲ ಸುದ್ದಿ ತಿಳಿದ ದಿನವೇ ಗೋಪಿಕಾಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದ್ದರು. ಎರಡನೆಯ ಸಲ ಬೀಗರಿಗೆ ಮಾತ್ರ ಹೇಳಿದರು. ಅಂದರೆ ಜಿಲ್ಲೆಗೆಲ್ಲ ಹೇಳಿದಂತಾಯಿತು. ಎರಡು ಸಲವೂ ಮೂರು ತಿಂಗಳು ತುಂಬುವುದರೊಳಗೆ ಬಸಿರು ಹೋಯಿತು. ಹೋದದ್ದಕ್ಕಿಂತ ಆಮೇಲೆ ಬಂದು ಕೂತು ಸಮಾಧಾನ ಹೇಳುವವರೇ ಅವಳನ್ನು ಹೆಚ್ಚು ಹಣ್ಣು ಮಾಡಿದರು. ಅದಕ್ಕೇ ಈ ಸಲ ಯಾರಿಗೂ ಹೇಳಿರಲಿಲ್ಲ. ಅಣ್ಣನ ಮನೆಯ ನೆವ ಮಾಡಿ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದಿದ್ದಳು. “ಭಾರ ಎತ್ತಬ್ಯಾಡ, ಗಾಬರಿ ಆಗಬ್ಯಾಡ” ಅಂದಿದ್ದರಂತೆ ಡಾಕ್ಟರಮ್ಮ. ಗಂಡನಿಗೂ ಹೇಳಲಿಲ್ಲ. ಶ್ರೀಪಾದನ ಬಾಯಲ್ಲಿ ಮಾತು ನಿಲ್ಲುವುದಿಲ್ಲ; ಪರೀಕ್ಷೆಯ ಹಿಂದಿನ ದಿನ ತಾನೇ ತೆಗೆದ ಪ್ರಶ್ನೆಗಳನ್ನು ಹುಡುಗರಿಗೆ ಹೇಳಿಬಿಟ್ಟವನು ಅವನು.

ಆ ಬೇಸಿಗೆಯಲ್ಲಿ ಕಂಪ್ಯೂಟರು ಕೆಲಸ ಮಾಡುತ್ತ ಮಾಡುತ್ತ ತಟ್ಟನೆ ನಿಂತುಬಿಡತೊಡಗಿತು. ಮುಟ್ಟಿದರೆ ಹಂಚಿನ ಹಾಗೆ ಸುಡುತ್ತಿತ್ತು. ಒಂದು ರವಿವಾರ ಶಿಗ್ಗಾಂವಿಯವರು ಜಾತಕ ಕೂಡಿಸಲು ಸಂಜೆ ಬರುವವರಿದ್ದರು. ಶ್ರೀಪಾದ ನನ್ನನ್ನು ಕರೆದ.

“ಕಾಕಾ, ನಿಮ್ಮ ಸ್ಕ್ರೂಡ್ರೈವರ್ ತೊಗೊಂಡು ಬರ್ರಿ. ಒಳಗ ಧೂಳು ತುಂಬ್ಯದ, ಬಿಚ್ಚಿ ಝಾಡಿಸೂಣು.”

ನಾನು ಹೋದೆ. ಸೈಕಲ್ ಪಂಪು, ಬಣ್ಣ ಹಚ್ಚುವ ಹೊಸ ಬ್ರಶ್ಶು, ಹಳೆ ಧೋತರದ ಚೂರು ಎಲ್ಲ ನಡುಮನೆಯಲ್ಲಿ ಸಿದ್ಧವಾಗಿದ್ದವು. ಮೊದಲು ಮೇಲಿನ ಪರದೆಯನ್ನು ಇಳಿಸಬೇಕು. ಅದು ಒಳ್ಳೇ ಬೀಸುಕಲ್ಲಿನ ಭಾರ. ನನಗೆ ಆಗಷ್ಟೇ ಹರ್ನಿಯಾ ಆಪರೇಶನ್ ಆಗಿತ್ತು.

“ತುಳಸಾ, ಈ ಕಡೆ ಹಿಡಿ ಬಾ” ಎಂದ ಶ್ರೀಪಾದ.

“ಕೈಗೆ ಹಿಟ್ಟು ಹತ್ಯದ್ರಿ” ಎಂದಳು ಅವಳು ಒಳಗಿಂದ.

“ತೊಳಕೊಂಡು ಬಾ.”

“ನಳಕ್ಕ ನೀರು ಬಂದಿಲ್ಲ.”

ಹಿತ್ತಲಲ್ಲಿ ನಳದ ನೀರು ತಾಮ್ರದ ಕೊಡಕ್ಕೆ ಧೋ ಎಂದು ಬೀಳುವ ಸಪ್ಪಳ ನಮಗೆಲ್ಲ ಕೇಳುತ್ತಿತ್ತು. ಶ್ರೀಪಾದ ನನ್ನ ಮುಖ ನೋಡಿದ. ನಾನು ಮಾಳಿಗೆ ನೋಡಿದೆ.

“ಏನಾಗ್ಯದ ನಿನಗ? ಹೋದ ವರ್ಷ ಗ್ಯಾಸಿನ ಸಿಲಿಂಡರ್ ಒಬ್ಬಾಕೇ ಎತ್ತಿ ಒಳಗಿಟ್ಟಾಕಿ ನೀನು! ಅವರು ಬರೂ ಹೊತ್ತಾತು, ಲಗೂನ ಬಾ.”

ತುಳಸಾ ಬಂದಳು. ಕೈ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು. ಪರದೆಯ ಬುಡಕ್ಕೆ ಬೆರಳು ಕೊಟ್ಟಳು. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಅವಳ ಮೇಲ್ದುಟಿಯ ಮೇಲೆ ಬೆವರು. ಶ್ರೀಪಾದ “ಹೂಂ, ಎತ್ತು” ಅಂದ. ಅವಳು ಎತ್ತಲಿಲ್ಲ. ಬಿಡಲೂ ಇಲ್ಲ.

“ಎತ್ತು ಅಂದೆನಲ್ಲ!”

ಅಷ್ಟರಲ್ಲಿ ಬಾಗಿಲಲ್ಲಿ ಹಯಾತ ಬಂದು ನಿಂತ. ಎದುರಿಗೆ ಅವನ ಭಟ್ಟಿ, ಕಡ್ಲಿಹಿಟ್ಟಿನ ಖಾರ ಕರಿದು ಮಾರುವ ಅಂಗಡಿ. ಶಿಗ್ಗಾಂವಿಯವರು ಬರುತ್ತಾರೆಂದು ಬಿಸಿ ಖಾರ ಹೇಳಿದ್ದರು, ತಂದಿದ್ದ. ಪುಡಿಕೆಯನ್ನು ನನ್ನ ಕೈಗಿಟ್ಟು, “ಸರೀರಿ ಬಾಯಾರ, ಹೆಣ್ಮಕ್ಕಳು ಎತ್ತೂದು ಏನ್ರಿ ಇದನ್ನ” ಎಂದು ಒಬ್ಬನೇ ಎತ್ತಿ ನೆಲಕ್ಕಿಟ್ಟ. “ಕಡಾಯಿ ಒಲಿ ಮ್ಯಾಲೆ ಐತ್ರಿ, ಬರ್ತೇನಿ” ಎಂದು ಹೋಗಿಯೂಬಿಟ್ಟ. ತುಳಸಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಆಗ ನನಗೇನೂ ತಿಳಿಯಲಿಲ್ಲ. ಪುಡಿಕೆ ಬಿಚ್ಚಿ ಖಾರ ತಿನ್ನುವುದರಲ್ಲಿದ್ದೆ.

ಸ್ಕ್ರೂ ಬಿಚ್ಚಿ, ತಗಡಿನ ಮುಚ್ಚಳ ಎತ್ತಿದೆವು. ಒಳಗೆ ನೋಡಿದರೆ ನಮ್ಮ ತಾಲೂಕು ಅಲ್ಲಿಯೇ ಇತ್ತು. ಕೆಳಗೆ ಎರೆಹೊಲದ ಕರಿ ಧೂಳು, ಅದರ ಮೇಲೆ ಹಾನಗಲ್ಲ ರಸ್ತೆಯ ಕೆಂಪು ಧೂಳು, ಎಲ್ಲಕ್ಕೂ ಮೇಲೆ ಹಯಾತನ ಭಟ್ಟಿಯಿಂದ ಹಾರಿ ಬಂದ ಕಡ್ಲಿಹಿಟ್ಟು. ಇನ್ನೊಂದು ಮಳೆ ಒಳಗೆ ಬಿದ್ದಿದ್ದರೆ ಜೋಳ ಬಿತ್ತಬಹುದಿತ್ತು. ಪುಟ್ಟ ಫ್ಯಾನಿನ ರೆಕ್ಕೆಗಳಿಗೆ ಧೂಳು ಕುರಿಯ ಉಣ್ಣೆಯ ಹಾಗೆ ಸುತ್ತಿಕೊಂಡಿತ್ತು. ಶ್ರೀಪಾದ ಪಂಪು ಹೊಡೆದ, ತುಳಸಾ ಬ್ರಶ್ಶಿನಿಂದ ಒಂದೊಂದೇ ಸಂದು ಸವರಿದಳು, ನಾನು ಸೀನಿದೆ. ನನ್ನ ಒಂದು ಸೀನಿಗೆ ಹೋದಷ್ಟು ಧೂಳು ಹತ್ತು ಸಲ ಪಂಪು ಹೊಡೆದರೂ ಹೋಗಲಿಲ್ಲ. ಇದು ಸುಳ್ಳಲ್ಲ.

ಆಮೇಲೆ ಶ್ರೀಪಾದ ಮುಚ್ಚಳವನ್ನು ಒರೆಸಲು ಅಂಗಾತ ಮಾಡಿದ.

“ಇಲ್ಲೆ ನೋಡ್ರಿ ಕಾಕಾ! ಎಷ್ಟು ದೊಡ್ಡ ಮಣ್ಣಿನ ಹೆಂಟಿ!”

ಮುಚ್ಚಳದ ಒಳಮೈಗೆ ನಿಂಬೆಹಣ್ಣಿನಷ್ಟು ಮಣ್ಣು ಅಂಟಿತ್ತು, ನುಣ್ಣಗೆ, ಎಲ್ಲ ಕಡೆ ಮುಚ್ಚಿಕೊಂಡು. ಪೆಟ್ಟಿಗೆಯ ಹಿಂದೆ ಒಂದು ಪಟ್ಟಿ ಕಳೆದುಹೋಗಿ ಬೆರಳು ಹಿಡಿಸುವಷ್ಟು ಸಂದು ಇತ್ತು. ಯಾವುದೋ ಹುಳ ಅಲ್ಲಿಂದ ಓಡಾಡಿ ಕಟ್ಟಿದ್ದು. ಶ್ರೀಪಾದ ಸ್ಕ್ರೂಡ್ರೈವರಿನ ಮೊನೆಯನ್ನು ಅದರ ಬುಡಕ್ಕೆ ಹಚ್ಚಿದ.

ತುಳಸಾ ಅವನ ಮಣಿಕಟ್ಟು ಹಿಡಿದಳು.

“ಬ್ಯಾಡ್ರಿ.”

“ಯಾಕ? ಮಣ್ಣದು.”

“ಕುಂಬಾರ ಹುಳದ ಗೂಡು.”

“ಇರವಲ್ದ್ಯಾಕ. ಇದು ಉದುರಿ ಫ್ಯಾನಿನಾಗ ಬಿತ್ತಂದ್ರ ಮಷೀನ್ ಮತ್ತ ಕೆಡ್ತದ. ಬಿಡು ಕೈ.”

“ಬ್ಯಾಡ ಅಂದೆನಲ್ಲಾ!”

ಅವಳು ಗಂಡನ ಮೇಲೆ ದನಿ ಏರಿಸಿದ್ದನ್ನು ನಾನು ಅಂದೇ ಕೇಳಿದ್ದು. ನಮ್ಮ ಕಡೆ ಎಲ್ಲರಿಗೂ ಗೊತ್ತು, ಕುಂಬಾರ ಹುಳ ಮನೆಯಲ್ಲಿ ಗೂಡು ಕಟ್ಟಿದರೆ ಆ ಮನೆಯಲ್ಲಿ ಯಾರೋ ಬಸುರಿ. ಅದನ್ನು ಕೆಡವಬಾರದು. ಹುಳ ತಾನಾಗಿ ಒಡೆದುಕೊಂಡು ಹಾರಿಹೋಗುವ ತನಕ ಹೆಂಗಸರು ಅದರ ಹತ್ತಿರ ಕಸಬರಿಗೆ ತರುವುದಿಲ್ಲ. ಆದರೆ ಹಲ್ಲಿಗೆ ಏನು ಫಲ ಅಂತ ಕೇಳಿದವಳು ಇವಳೇ ಅಲ್ಲವೇ?

ತಿರುಗಿ ನೋಡಿದೆ. ಅಡಿಗೆಮನೆಯ ಹೊಸ್ತಿಲಲ್ಲಿ ಗೋಪಿಕಾಬಾಯಿ ನಿಂತಿದ್ದರು. ಅವರು ಗೂಡನ್ನು ನೋಡುತ್ತಿರಲಿಲ್ಲ. ಮಗನ ಮಣಿಕಟ್ಟು ಹಿಡಿದಿದ್ದ ಸೊಸೆಯ ಕೈ ನೋಡುತ್ತಿದ್ದರು. ಈಗ ಕೂಗುತ್ತಾರೆ, ಈಗ ಸಕ್ಕರೆಯ ಡಬ್ಬಿ ಹೊರಗೆ ಬರುತ್ತದೆ ಎಂದು ನಾನು ಕಾದೆ. ತುಳಸಾನೂ ಅದಕ್ಕೇ ಹೆದರಿ ಕಣ್ಣು ಮುಚ್ಚಿದ್ದಳು.

“ಶ್ರೀಪಾದಾ, ಅದನ್ನ ಕೆಳಗಿಡು” ಎಂದರು ಗೋಪಿಕಾಬಾಯಿ. “ಇವತ್ತು ಏಕಾದಶಿ. ಹುಳಾ ಹುಪ್ಪಡಿ ಕೊಲ್ಲಬಾರದು.”

ಶ್ರೀಪಾದ ಬಾಯಿ ಬಿಟ್ಟ. ಮಧ್ಯಾಹ್ನವಷ್ಟೇ ಆ ಮನೆಯಲ್ಲಿ ನಾನು ಹುಳಿ ಅನ್ನ ಹೊಟ್ಟೆ ತುಂಬ ಉಂಡಿದ್ದೆ. ಜ್ಯೋತಿಷಿಯ ಹೆಂಡತಿ, ಜ್ವರ ಬಂದರೂ ಏಕಾದಶಿಗೆ ಹನಿ ನೀರು ಕುಡಿಯದ ಹೆಂಗಸು, ತಿಥಿ ತಪ್ಪಿ ಹೇಳಿದ್ದರು!

“ಅವ್ವಾ, ಏಕಾದಶಿ ಹೋಗಿ ಮೂರು ದಿನಾತು!”

“ಹಂಗಾರ ಮುಂದಿನ ಏಕಾದಶಿ ತನಕಾ ಕೊಲ್ಲಬ್ಯಾಡ.”

ಮುಚ್ಚಳವನ್ನು ಅವರೇ ಎರಡೂ ಕೈಯಲ್ಲಿ ಹಿಡಿದು ಒಯ್ದು ನಡುಮನೆಯ ಗೋಡೆಯ ಹಲಗೆಯ ಮೇಲೆ, ಗೂಡು ಮೇಲೆ ಬರುವಂತೆ ಇಟ್ಟರು. “ಇನ್ನ ಮ್ಯಾಲೆ ಏನರೆ ಎತ್ತೂದಿದ್ರ ಹಯಾತನ್ನ ಕರಿ. ಈ ಓಣ್ಯಾಗ ಗಂಡಸು ಅಂದ್ರ ಅವನೊಬ್ನ ಕಾಣಸ್ತಾನ” ಎಂದು ನನ್ನನ್ನೂ ಸೇರಿಸಿ ಬೈದು ಒಳಗೆ ಹೋದರು.

ಕಂಪ್ಯೂಟರು ಹತ್ತಿತು. ಫ್ಯಾನು ತಿರುಗಿತು. ಶಿಗ್ಗಾಂವಿಯವರು ಜಾತಕ ಒಯ್ದರು. ಆವತ್ತಿನಿಂದ ಆ ಮನೆಯಲ್ಲಿ ಕಂಪ್ಯೂಟರು ಮುಚ್ಚಳವಿಲ್ಲದೆ ಕರುಳು ಬಿಟ್ಟುಕೊಂಡು ಕೂತಿತು. ಮುಚ್ಚಳ ಇಲ್ಲ ಅಂದಮೇಲೆ ಧೂಳು ದಿನಾ ಬೀಳುವುದೇ. ತುಳಸಾ ದಿನಾ ಬೆಳಿಗ್ಗೆ ಅಂಗಳದ ರಂಗೋಲಿ ಮುಗಿಸಿ ಬ್ರಶ್ಶು ಹಿಡಿಯುತ್ತಿದ್ದಳು. ಝಾಡಿಸುವುದು, ಹಲಗೆಯ ಕಡೆ ನೋಡುವುದು, ಮತ್ತೆ ಝಾಡಿಸುವುದು. ಅತ್ತೆಯ ಸೊಂಟನೋವು ಎಲ್ಲಿ ಹೋಯಿತೋ, ನೀರಿನ ಕೊಡಗಳನ್ನೆಲ್ಲ ತಾವೇ ತುಂಬತೊಡಗಿದರು. ಏನೂ ಕೇಳಲಿಲ್ಲ. ಸೊಸೆಯೂ ಏನೂ ಹೇಳಲಿಲ್ಲ. ಇಬ್ಬರ ನಡುವೆ ಆ ಮುಚ್ಚಳ ಮಾತ್ರ ಇತ್ತು.

ಹೀಗೆ ಮೂರನೆಯ ತಿಂಗಳು ಮುಗಿಯಲು ಬಂತು. ತುಳಸಾನ ಮುಖ ದಿನದಿಂದ ದಿನಕ್ಕೆ ಬಿಳುಪೇರುತ್ತಿತ್ತು. ಭಾಗೀರಥಿ ಒಮ್ಮೆ “ತುಳಸಾ ಯಾಕೋ ಉಸಿರು ಹಿಡಕೊಂಡ ತಿರಗ್ಯಾಡ್ತಾಳ” ಅಂದಳು.

ಜ್ಯೇಷ್ಠದ ಒಂದು ಮಧ್ಯಾಹ್ನ ಮಳೆಗಿಂತ ಮುಂಚಿನ ಗಾಳಿ ಎದ್ದಿತು. ಎಂಥ ಗಾಳಿ ಅಂದರೆ, ನಮ್ಮ ಮನೆಯ ಕೋಳಿ… ಇರಲಿ, ನಾವು ಕೋಳಿ ಸಾಕುವವರಲ್ಲ. ನಾನು ಅವರ ಪಡಸಾಲೆಯಲ್ಲಿ ಎಲೆ ಹಾಕಿಕೊಳ್ಳುತ್ತ ಕೂತಿದ್ದೆ. ಕಿಟಕಿ ಧಡ್ ಅಂತ ತೆರೆಯಿತು. ಮರುಗಳಿಗೆಗೆ ಒಳಗೆ ತಗಡು ನೆಲಕ್ಕೆ ಬಡಿದ ಸಪ್ಪಳ.

ಓಡಿ ಹೋದೆ. ಮುಚ್ಚಳ ಡಬ್ಬು, ಗೂಡು ಕೆಳಗಾಗಿ ಬಿದ್ದಿತ್ತು. ಕಂಪ್ಯೂಟರಿನ ಮುಂದೆ ಕೂತಿದ್ದ ತುಳಸಾ ಅರ್ಧ ಎದ್ದು ಮತ್ತೆ ಕುಸಿದು ಕೂತಿದ್ದಳು. ಕೈ ಹೊಟ್ಟೆಯ ಮೇಲೆ. ಆ ಕೈ ನೋಡಿದಾಗ ನನ್ನಂಥ ಮಂದನಿಗೂ ಎಲ್ಲ ತಿಳಿಯಿತು. ನಾನು ಬಾಗಿಲಲ್ಲೇ ನಿಂತೆ.

ಗೋಪಿಕಾಬಾಯಿ ಅಡಿಗೆಮನೆಯಿಂದ ಬಂದು ನಮ್ಮ ಕಡೆ ಬೆನ್ನು ಮಾಡಿ ಮುಚ್ಚಳದ ಮೇಲೆ ಬಗ್ಗಿದರು. ಸೆರಗು ಹರಡಿತು. ಏನೂ ಕಾಣಲಿಲ್ಲ.

“ಅತ್ಯಾ?” ಎಂದಳು ತುಳಸಾ.

ಹೊರಗೆ ಗಾಳಿ ಒಂದೇ ಸಮನೆ ಬೀಸುತ್ತಿತ್ತು.

“ಅತ್ಯಾ, ಏನಾತ್ರಿ? ಹೇಳ್ರಿ!”

ಗೋಪಿಕಾಬಾಯಿ ಎದ್ದು ತಿರುಗಿದರು. ಸೆರಗನ್ನು ಎಡಗೈಯಲ್ಲಿ ಗಂಟಿನ ಹಾಗೆ ಮುಷ್ಟಿ ಹಿಡಿದಿದ್ದರು. ಬಲಗೈಯಲ್ಲಿ ಗೂಡಿನ ಒಂದು ಚೂರು. ಅದರ ನಡುವೆ ಕಿರುಬೆರಳು ಹಿಡಿಸುವಷ್ಟು ದುಂಡನೆಯ ತೂತು.

“ಖಾಲಿ ಅದ. ಹಾರಿ ಹೋಗಿ ಎಷ್ಟು ದಿನಾತೋ ಏನೋ. ನಿನ್ನೆ ಮುಂಜಾನೆ ನಾನ ನೋಡ್ದೆ, ಕಿಡಕ್ಯಾಗಿಂದ ಹೋತು, ಇಷ್ಟುದ್ದ ಹುಳ.”

“ನಿನ್ನೆ? ನನಗ್ಯಾಕ ಹೇಳಲಿಲ್ರಿ?”

“ಹೇಳಿ ಹೇಳಿ ಸಾಕಾಗ್ಯದವ್ವಾ” ಎಂದರು ಗೋಪಿಕಾಬಾಯಿ. “ಈ ಸಲಾ ಯಾರಿಗೂ ಏನೂ ಹೇಳಬಾರದು ಅಂತ ಮಾಡೇನಿ.”

ತುಳಸಾ ಆ ಚೂರು ಇಸಿದುಕೊಂಡು, ತೂತಿನೊಳಗಿಂದ ಬೆಳಕು ನೋಡಿದಳು. ನಕ್ಕಳು. ಆಮೇಲೆ ಪಕ್ಕಕ್ಕೆ ಬಂದು ಕೂತ ಅತ್ತೆಯ ತೊಡೆಯ ಮೇಲೆ ಮುಖ ಇಟ್ಟು, ಎರಡು ಸಲದ ಅಳುವನ್ನೂ ಒಟ್ಟಿಗೆ ಅತ್ತಳು. ಗೋಪಿಕಾಬಾಯಿ ಬಲಗೈಯಿಂದ ಅವಳ ತಲೆ ಸವರುತ್ತಿದ್ದರು. ಎಡಗೈಯ ಸೆರಗಿನ ಮುಷ್ಟಿ ಮಾತ್ರ ಬಿಡಲಿಲ್ಲ. ಆಮೇಲೆ ಒಬ್ಬರೇ ಹೋಗಿ ತುಳಸಿಕಟ್ಟೆಯ ಬುಡದಲ್ಲಿ ಅದನ್ನು ಝಾಡಿಸಿ ಬಂದರು. ತಲೆ ಸವರುತ್ತಿದ್ದ ಕೈಯ ಕಿರುಬೆರಳಿನ ಉಗುರಿನಲ್ಲಿ ಮಣ್ಣು ತುಂಬಿದ್ದನ್ನು ನಾನು ನೋಡಿದೆ.

ಕಥೆ ಕಟ್ಟುವ ಕಸುಬಿನಲ್ಲಿ ನನಗೆ ಸ್ವಲ್ಪ ಅನುಭವ ಇದೆ. ‘ಎಷ್ಟು ದಿನಾತೋ’ ಮತ್ತು ‘ನಿನ್ನೆ’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಹೊಸಬರು.

ದೀಪಾವಳಿ ಮುಗಿದ ಮೇಲೆ ತುಳಸಾ ಹೆಣ್ಣು ಹೆತ್ತಳು. ಸಕ್ಕರೆ ಹಂಚಿದವನು ಶ್ರೀಪಾದ. ಯಲವಿಗಿಯ ಸ್ಟೇಶನ್ ಮಾಸ್ತರರಿಗೂ ಮುಟ್ಟಿಸಿ ಬಂದ. ಕಂಪ್ಯೂಟರಿಗೆ ಮುಚ್ಚಳ ಹಾಕಿದರು. ಒಳಮೈಯಲ್ಲಿ ಉಳಿದ ಮಣ್ಣಿನ ಕಲೆಯನ್ನು ತುಳಸಾ ಕೆರೆಯಲಿಲ್ಲ, ಯಾರಿಗೂ ಕೆರೆಯಗೊಡಲಿಲ್ಲ. ಅದರ ಸುತ್ತ ಬ್ರಶ್ಶು ಆಡಿಸಿ ಬಿಡುತ್ತಿದ್ದಳು.

ತೊಟ್ಟಿಲಿಗೆ ಹಾಕುವ ದಿನ ಗೋಪಿಕಾಬಾಯಿ ಒಬ್ಬರೇ ಸಿಕ್ಕಾಗ ಮೆಲ್ಲಗೆ ಕೇಳಿದೆ.

“ವೈನಿ, ಆ ಹುಳ ಖರೇನ ಹಾರಿತ್ತೇನ್ರಿ?”

ಅವರು ಮೊಮ್ಮಗಳ ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

“ನೀವು ಹೇಳ್ರಿ ಮೊದಲ. ಹರಿಹರದಿಂದ ಬದನಿಕಾಯಿ ಬಂದಿತ್ತೇನು?”

“ಬಂದಿತ್ತು” ಎಂದೆ.

“ಹಂಗಾರ ಹಾರಿತ್ತು” ಎಂದರು.