ಓದದೆ ಉಳಿದ ಚೀಟಿ

ಮೊದಲು ಕೈಕೊಟ್ಟದ್ದು ದನಿ.

ಜಹೀರಾಬಾದಿನ ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಪ್ರಾರ್ಥನೆ ಚೀಟಿ ಓದುವವನು ನಾನು. ಯಾರಿಗೆ ಜ್ವರ, ಯಾರಿಗೆ ಹೆರಿಗೆ, ಹೆಸರು ಓದಿದರೆ ಸಭೆಯೆಲ್ಲ ಪ್ರಾರ್ಥಿಸುತ್ತದೆ. ಆ ದಿನ ಮೂರನೇ ಹೆಸರಿಗೇ ಗಂಟಲು ಕಟ್ಟಿತು. ನೆಗಡಿ ಅಂದುಕೊಂಡೆ. ಹೆಂಡತಿ ಸುನಂದಾ ನನ್ನ ಕತ್ತು ಮುಟ್ಟಿ ನೋಡಿ, "ಗಂಟು ಅದ. ದವಾಖಾನಿಗಿ ನಡೀರಿ" ಅಂದಳು.

ಸ್ಕ್ಯಾನ್. ಸೂಜಿ ಟೆಸ್ಟ್. ಥೈರಾಯ್ಡ್ ಕ್ಯಾನ್ಸರ್.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಉಳಿದದ್ದು ಬರೀ ಗಾಳಿ. "ಗಂಟು ದನಿಯ ನರ್ವ್‌ಗೆ ಅಂಟಿತ್ತು. ದನಿ ಬರಬಹುದು, ಆರು ತಿಂಗಳು ನೋಡೋಣ್ರಿ" ಅಂದರು ಬೀದರ್ ಕಡೆಯ ಡಾಕ್ಟರ್.

ಮೂವತ್ತು ವರ್ಷ ಶಾಲೆಯಲ್ಲಿ ಕೂಗಾಡಿದ ಮೇಷ್ಟ್ರು ನಾನು. ಈಗ ನೀರು ಬೇಕಾದರೆ ಸ್ಟೀಲ್ ಲೋಟ ಬಡಿಯಬೇಕು. ಸಿಟ್ಟು ಬಂದರೂ ಅದನ್ನೇ ಬಡಿಯುವುದು. "ಯಾವ್ದು ನೀರಿಂದು, ಯಾವ್ದು ಸಿಟ್ಟಿಂದು, ನನಗ ತಿಳೀತದ" ಎಂದು ಸುನಂದಾ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಇನ್ನು ಓದಲಾರೆನೇನೋ ಎಂಬ ಭಯ ಕ್ಯಾನ್ಸರ್ ಭಯಕ್ಕಿಂತ ದೊಡ್ಡದಾಗಿತ್ತು.

ಎರಡು ತಿಂಗಳ ಮೇಲೆ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅಲ್ಲಿ ಕೂತದ್ದು ಅದೇ ಮೊದಲು. ಪಾಸ್ಟರ್ ಚೀಟಿ ಓದುತ್ತಿದ್ದರು.

"ಚೀಟಿ ಓದೋ ಸರಗ ದನಿ ಬರಲಿ. ಶಿವಮ್ಮ, ಕೊಹೀರ್."

ಕತ್ತು ತಗ್ಗಿಸಿದೆ.

ಶಿವಮ್ಮ ನಮ್ಮ ಸಭೆಯವರಲ್ಲ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಮಗಳಿಗೆ ಫಿಟ್ಸ್ ಬರುತ್ತದೆಂದು ಒಂದು ವರ್ಷದಿಂದ ಕೊಹೀರಿನಿಂದ ಬಸ್ಸು ಹಿಡಿದು ಬಂದು ಚೀಟಿ ಹಾಕುತ್ತಿದ್ದರು. ನಾನು ಒಂದು ಸಲವೂ ಅದನ್ನು ಸಭೆಯ ಮುಂದೆ ಓದಿರಲಿಲ್ಲ. ಸಭೆಯ ರಿಜಿಸ್ಟರಿನಲ್ಲಿ ಹೆಸರಿಲ್ಲದವರ ಚೀಟಿಯನ್ನು ಬೈಬಲ್ಲಿನ ಕೊನೆಗೆ ಸಿಕ್ಕಿಸಿಡುತ್ತಿದ್ದೆ. ಪಾಸ್ಟರ್ ಹೇಳಿದ್ದಲ್ಲ, ನಾನೇ ಮಾಡಿಕೊಂಡ ಕಾಯಿದೆ. ಕಾಯಿಲೆಯ ಮಗಳಿಗಾಗಿ ಯೇಸುಸ್ವಾಮಿಯ ಬೆನ್ನು ಬಿಡದ ಪರಜನಾಂಗದ ತಾಯಿಯ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಮಕ್ಕಳ ಕಣ್ಣು ತುಂಬುವಂತೆ ಹೇಳುತ್ತಿದ್ದವನೂ ನಾನೇ. ದೇವರ ಕೃಪೆಯ ಬಾಗಿಲಿಗೆ ನನ್ನನ್ನು ಯಾರೂ ಕಾವಲಿಗಿಟ್ಟಿರಲಿಲ್ಲ. ನಾನಾಗಿಯೇ ಸ್ಟೂಲು ಹಾಕಿಕೊಂಡು ಕೂತಿದ್ದೆ. ನಾಚಿಕೆಯಾಯಿತು.

ಆರಾಧನೆ ಮುಗಿದ ಮೇಲೆ ಅವರ ಹತ್ತಿರ ಹೋಗಿ ಪಿಸುಗುಟ್ಟಿದೆ. "ಶಿವಮ್ಮನೋರೆ, ನಿಮ್ಮ ಚೀಟಿ ನಾ ಒಂದೂ ಓದಿಲ್ರಿ."

"ಗೊತ್ತದರಿ ಸರ. ಪ್ರತಿ ಐತವಾರ ಇಲ್ಲೇ ಕುಂತು ಕೇಳ್ತಿದ್ನಲ್ರಿ."

"ಮತ್ತ ನನ್ನ ಸಲುವಾಗಿ ಯಾಕ ಬರೆಸಿದ್ರಿ?"

"ದನಿ ಬಂದ್ರ ಒಂದಿನ ಓದ್ತೀರಿ ಅಂತ."

ಬಡಿಯಲು ಕೈಯಲ್ಲಿ ಲೋಟ ಇರಲಿಲ್ಲ.

ಆಮೇಲೆ ರೇಡಿಯೋ ಅಯೋಡಿನ್ ಚಿಕಿತ್ಸೆಯೂ ಆಯಿತು. ಸದ್ಯಕ್ಕೆ ಸ್ಕ್ಯಾನ್ ಕ್ಲೀನ್ ಇದೆ, ದೇವರಿಗೆ ಸ್ತೋತ್ರ. ದನಿ ಅರ್ಧ ಬಂದಿದೆ. ಶಿವಮ್ಮನ ಮಗಳು ಮಾತ್ರೆ ನುಂಗುತ್ತಾಳೆ, ಆಗೀಗ ಫಿಟ್ಸ್ ಬರುತ್ತದೆ.

ಕಳೆದ ಭಾನುವಾರ ಪಾಸ್ಟರ್ ಬಳಿ ಒಂದೇ ಒಂದು ಚೀಟಿ ಕೇಳಿ ಪಡೆದು ಎದ್ದು ನಿಂತೆ. "ಮಹಾದೇವಿ, ಶಿವಮ್ಮನ ಮಗಳು..." ಅನ್ನುವಷ್ಟರಲ್ಲಿ ದನಿ ಒಡೆಯಿತು. ನಿಲ್ಲಿಸಿಬಿಟ್ಟೆ.

ಹಿಂದಿನ ಬೆಂಚಿನಿಂದ ಶಿವಮ್ಮ ಅಂದರು:

"ಕೇಳಸ್ತದರಿ ಸರ. ಓದ್ರಿ."