ಮನಿಲಾದ ಹುಡುಗಿಗೆ ಕೊಟ್ಟ ಸಲಹೆ

ಗೆಳೆಯರೇ, ಇವತ್ತು ಬೆಳಿಗ್ಗೆ ನಾನು ಒಂದು ಮನೆಯ ಜಗಳವನ್ನೇ ತೀರ್ಮಾನ ಮಾಡಿಬಿಟ್ಟೆ!

ಇಲ್ಲಿ ಅಮೆರಿಕದ ಕಮ್ಮಿಂಗ್ ಊರಿನ ನಮ್ಮ ಕ್ಲಿನಿಕ್‌ನಲ್ಲಿ ಜೊತೆಗೆ ಕೆಲಸ ಮಾಡುವ ಲೀಸಾ ಫಿಲಿಪ್ಪೀನ್ಸಿನವಳು. ಮನಿಲಾದಲ್ಲಿರುವ ಅವಳ ಅಕ್ಕನ ಮಗಳು ಹತ್ತನೇ ಕ್ಲಾಸು ಮುಗಿಸಿದ್ದಾಳೆ. ನಮ್ಮ ಪಿಯುಸಿಯ ಹಾಗೆ ಅಲ್ಲೂ ಈಗ ವಿಭಾಗ ಆರಿಸಿಕೊಳ್ಳಬೇಕು. ಅವಳು ಸೈನ್ಸ್ ಓದಿ ನರ್ಸ್ ಆಗಲಿ ಎಂದು ಮನೆಯವರೆಲ್ಲರ ಆಸೆ. ಅವಳಿಗೋ ಚಿತ್ರಕಲೆಯ ಹುಚ್ಚು.

ವಿಡಿಯೋ ಕಾಲ್‌ನಲ್ಲಿ ವಾದ ಜೋರಾಗಿತ್ತು. ಲೀಸಾ ಫೋನನ್ನು ನನ್ನ ಕೈಗಿಟ್ಟು, "ಇಂಡಿಯನ್ ಆಂಟಿ ಹೇಳಿದ್ರೆ ಕೇಳ್ತಾಳೆ. ಸೈನ್ಸ್ ತಗೋ ಅಂತ ಹೇಳು" ಎಂದಳು.

ಹುಡುಗಿಯ ಕಣ್ಣು ತುಂಬಿತ್ತು. ನನ್ನ ಬಾಯಿಂದ ಬಂದದ್ದು, "ನಿಂಗೆ ಇಷ್ಟ ಇರೋದನ್ನೇ ತಗೋಮ್ಮಾ!" ಅವಳು ಕಿರುಚಿ ಕುಣಿದಳು. ಲೀಸಾ ಸಂಜೆಯವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಮನೆಗೆ ಬಂದು ಇದನ್ನೆಲ್ಲ ವಿಷಯಗಳನ್ನು ಆರಿಸಿಕೊಂಡು ಹೈಸ್ಕೂಲ್ ಸೇರಲಿರುವ ಮಗಳಿಗೆ ಸಂಭ್ರಮದಿಂದ ಹೇಳಿದೆ.

"ವಾವ್ ಅಮ್ಮಾ! ಸೋ ನಾನು ಕಂಪ್ಯೂಟರ್ ಸೈನ್ಸ್ ಡ್ರಾಪ್ ಮಾಡಿ ಥಿಯೇಟರ್ ತಗೋಬಹುದು, ರೈಟ್?"

ಅವಳ ಮುಖ ನೋಡಿ, "ತಗೋ" ಅಂದೆ. ಈಗ ಕೋಣೆಯಲ್ಲಿ ಜೋರಾಗಿ ಹಾಡುತ್ತಿದ್ದಾಳೆ. ಅವಳಪ್ಪ ಇನ್ನೂ ಆಫೀಸಿನಲ್ಲಿದ್ದಾರೆ, ಸದ್ಯಕ್ಕೆ ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದೇವೆ.