ಏಳದ ಅಳಿಯ

ಎದೆನೋವು ಬಂದಾಗ ನನ್ನ ಕಾಲುಗಳು ಮಗ್ಗದ ಕುಣಿಯೊಳಗಿದ್ದವು. ಬೆಟಗೇರಿಯ ನೇಕಾರನ ಕಾಲುಗಳು ಇನ್ನೆಲ್ಲಿರುತ್ತವೆ? ಎದೆಯ ಮೇಲೆ ಯಾರೋ ಮೊಣಕಾಲೂರಿ ಕುಳಿತಂತಾಯಿತು, ಮೈಯೆಲ್ಲ ಬೆವೆತಿತು, ಲಾಳಿ ಕೈಜಾರಿತು. ಓಣಿಯವರು ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದರು. ಮಲಗಿಸಿದವರೆಲ್ಲ ಆ ಕ್ಷಣದಿಂದ ವೈದ್ಯರೂ ಆದರು.

"ಹೊಕ್ಕಳಾ ಸರದೈತಿ, ಮತ್ತೇನಿಲ್ಲ," ಎಂದಳು ಪಕ್ಕದ ಮನೆಯ ಅಜ್ಜಿ. ಇಡೀ ಓಣಿಯ ಹೊಕ್ಕುಳಗಳ ಉಸ್ತುವಾರಿ ಅವಳದು. ನನ್ನ ಹೊಟ್ಟೆಯ ಮೇಲೆ ಹಣತೆ ಹಚ್ಚಿಟ್ಟು, ಅದರ ಮೇಲೆ ಹಿತ್ತಾಳೆ ತಂಬಿಗೆಯನ್ನು ಬೋರಲು ಹಾಕಿದಳು. ತಂಬಿಗೆ ಚರ್ಮವನ್ನು ಕಚ್ಚಿ ಹಿಡಿಯಿತು. ನೋವಿದ್ದದ್ದು ಎದೆಯಲ್ಲಿ, ಆದರೆ ಅದನ್ನು ನನ್ನನ್ನು ಕೇಳುವ ವ್ಯವಧಾನ ಯಾರಿಗಿತ್ತು?

"ಎದಿ ಬ್ಯಾನಿ ಸಾವಕಾರ್ರಿಗೆ ಬರೂದು. ನಮ್ಮಂಥವ್ರಿಗೆಲ್ಲೀದು?" ಎಂದ ನನ್ನ ಅಣ್ಣ. ಕಾಯಿಲೆಯಲ್ಲೂ ನಮ್ಮ ಯೋಗ್ಯತೆ ಇಷ್ಟೇ ಎಂದು ಆ ಮಹಾನುಭಾವ ತೀರ್ಪು ಕೊಟ್ಟುಬಿಟ್ಟ. ನನ್ನ ಹೆಂಡತಿ ಹಿರಿಯರೆದುರು ಬಾಯಿ ಬಿಡುವವಳಲ್ಲ. ಹೇಳುವುದಿದ್ದರೆ ಬಾಗಿಲ ಮರೆಯಲ್ಲಿ ನಿಂತು ಬಳೆ ಸದ್ದು ಮಾಡುವಳು, ಅಷ್ಟೇ. ಅವತ್ತು ನನ್ನ ತುಟಿ ಕಪ್ಪಿಡುವುದನ್ನು ಕಂಡು, ಯಾರಿಗೂ ಹೇಳದೆ ತಾನೇ ಓಡಿಹೋಗಿ ಟಾಂಗಾ ತಂದಳು.

ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರರು ಎದೆಗೆ ನಳಿಗೆ ಹಚ್ಚಿ ಕೇಳಿ, ಇಂಜೆಕ್ಷನ್ ಚುಚ್ಚಿದರು. "ಹೃದಯಕ್ಕ ಪೆಟ್ಟು ಬಿದ್ದೈತಿ. ನಾ ಹೇಳೂತನಕಾ ಏಳೂಹಂಗಿಲ್ಲ, ಎದ್ದು ಕುಂಡ್ರೂಹಂಗೂ ಇಲ್ಲ. ಎದ್ರ ಜೀವಕ್ಕ ಖಾತ್ರಿ ಇಲ್ಲ," ಎಂದರು. ನನ್ನ ಹೆಂಡತಿ ಸೆರಗು ಬಿಗಿಹಿಡಿದು ಕೇಳುತ್ತಿದ್ದಳು. ಉಪ್ಪಿಲ್ಲದ ಗಂಜಿ ಮತ್ತು ಆ ಮಂಚ, ಆಗಿನ ಕಾಲಕ್ಕೆ ಅದೇ ಚಿಕಿತ್ಸೆ.

ನೋಡಲು ಬರುವವರಿಗೆ ಮಾತ್ರ ಆ ಆಸ್ಪತ್ರೆಯಲ್ಲಿ ಮದ್ದಿರಲಿಲ್ಲ. ಆಗಷ್ಟೇ ಕನ್ನಡ ನಾಡು ಒಂದಾಗಿತ್ತು. ಒಂದಾದ ನಾಡಿನ ಮೊದಲ ಸಭೆ ನನ್ನ ಮಂಚದ ಸುತ್ತಲೇ ಸೇರಿತೋ ಏನೋ! ಮುಂಡರಗಿಯವರು ಬಂದರು, ಶಿರಹಟ್ಟಿಯವರು ಬಂದರು, ಮಲ್ಲಸಮುದ್ರದವರಂತೂ ಹೋಗಲೇ ಇಲ್ಲ. ಚುರುಮುರಿ ತಿನ್ನುತ್ತ, ಎದೆ ಹಿಡಿದುಕೊಂಡು ಸತ್ತ ತಮ್ಮ ಬೀಗರ ಕಥೆ ಹೇಳಿದರು. "ಏನೂ ಕಾಳಜಿ ಮಾಡಬ್ಯಾಡ" ಎಂದು ಸರಿಯಾಗಿ ಎದೆಯ ಮೇಲೇ ತಟ್ಟಿದರು.

ಕೊನೆಗೆ ಲಕ್ಷ್ಮೇಶ್ವರದಿಂದ ನನ್ನ ಸೋದರಮಾವ ಬಂದ. ಹೆಣ್ಣು ಕೊಟ್ಟವನೂ ಅವನೇ, ಹೀಗಾಗಿ ಗತ್ತು ಎರಡು ಪಾಲು. ಆ ಊರನ್ನಾಳುತ್ತಿದ್ದ ಸಂಸ್ಥಾನ ಹೋಗಿ ವರ್ಷಗಳಾಗಿದ್ದವು, ಅವನ ರುಮಾಲಿಗೆ ಇನ್ನೂ ಆ ಸುದ್ದಿ ಮುಟ್ಟಿರಲಿಲ್ಲ. ಅವನು ಬಂದರೆ ಅಳಿಯಂದಿರು ಎದ್ದು, ಬಾಗಿ, ಎರಡೂ ಪಾದ ಮುಟ್ಟಬೇಕು. ಮುಟ್ಟುವವರೆಗೆ ಅವನು ಕೂರುವುದಿಲ್ಲ, ನೀರು ಕುಡಿಯುವುದಿಲ್ಲ. ಉಣ್ಣುತ್ತಿದ್ದವರನ್ನು ಪಂಕ್ತಿಯಿಂದ ಎಬ್ಬಿಸಿ ಪಾದ ಮುಟ್ಟಿಸಿಕೊಂಡ ಗಿರಾಕಿ ಅವನು.

ಮಂಚದ ಬುಡದಲ್ಲಿ ಪಾದ ಜೋಡಿಸಿ ನಿಂತ.

"ಏನಪಾ, ಹಿರ್ಯಾರು ಬಂದ್ರ ಏಳೂ ಪದ್ಧತಿ ಬಿಟ್ಟಿಯೇನು?"

"ಡಾಕ್ಟರು ಏಳಬ್ಯಾಡ ಅಂದಾರ್ರಿ, ಮಾವಾ."

"ಡಾಕ್ಟರಗ ಹೆಣ್ಣು ಕೊಟ್ಟೇನೇನು ನಾ? ಹಿರ್ಯಾರ ಆಶೀರ್ವಾದ ಇಲ್ದ ಯಾವ ಔಷಧ ಹತ್ತತೈತಿ?"

"ಒಂದ್ ಗಳಿಗಿ ಏಳೋ. ಏನಾಗತೈತಿ?" ಎಂದ ಅಣ್ಣ. ಅವನಿಗೆ ಏನೂ ಆಗುತ್ತಿರಲಿಲ್ಲ, ಅದು ಖರೆ.

ಎಲ್ಲರ ಮೇಲೂ ನನಗೆ ಹೇಸಿಕೆ ಬಂತು. ಆದರೂ ನನ್ನ ಮೊಣಕೈ ಆಗಲೇ ಹಾಸಿಗೆಗೆ ಊರಿತ್ತು. ಸಾವಿನ ಹೆದರಿಕೆಗಿಂತ ಮಾವನ ಹೆದರಿಕೆ ನನ್ನಲ್ಲಿ ಹಳೆಯದು. ತಲೆ ಎತ್ತಿದ್ದೇ ತಡ, ಎದೆಯ ಮೇಲೆ ಮತ್ತೆ ಆ ಮೊಣಕಾಲು ಊರಿತು.

ನನ್ನ ಹೆಂಡತಿ ಬಾಗಿಲ ಮರೆಯಿಂದ ಬಂದಳು. ಎರಡೂ ಕೈಯಿಂದ ನನ್ನ ಹೆಗಲು ಒತ್ತಿ ಮಲಗಿಸಿದಳು.

"ಅಪ್ಪಾ, ಇವ್ರು ಏಳೂದಿಲ್ಲ. ಮುಟ್ಟಿಸಿಕೊಳ್ಳಾಕ ಬೇಕಂದ್ರ ನಿಮ್ಮ ಕಾಲು ಎತ್ತಿ ಈ ಮಂಚದ ಮ್ಯಾಲೆ ಇಡ್ರಿ."

ಮಾವ ತನ್ನ ಕಾಲು ನೋಡಿಕೊಂಡ, ಮಂಚದ ಎತ್ತರ ನೋಡಿದ. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ತಾನಾಗಿಯೇ ಕೂತ.

"ನೀರು ಕೊಡವಾ," ಎಂದ.

ಅವಳು ಕೊಡಲಿಲ್ಲ. ಅವಳ ಎರಡೂ ಕೈ ಇನ್ನೂ ನನ್ನ ಹೆಗಲ ಮೇಲಿದ್ದವು.